ಅಂಡಮಾನ್, ಬಾಲಿ, ಜಾಂಜಿಬಾರ್: ಗಂಗಾವತಿಯಿಂದ ಹೊರಟವರಿಗೆ ಯಾವ ಸೂಜಿ ಬೇಕು, ಯಾವುದು ಬೇಡ

ಒಂದು ಸಂಜೆ ರೈಸ್‌ಮಿಲ್ಲಿನವರ ಹುಡುಗನೊಬ್ಬ ನನ್ನ ಔಷಧ ಅಂಗಡಿಗೆ ಬಂದು ಕೌಂಟರಿನ ಮೇಲೆ ಫೋನಿಟ್ಟ. "ಅಣ್ಣಾರ, ಮದುವಿ ಆದಮ್ಯಾಲೆ ಬಾಲಿಗೆ ಹೊಂಟೀವಿ. ಇಷ್ಟೂ ಸೂಜಿ ಮಾಡಿಸ್ಕೋಬೇಕಂತ. ಎಲ್ಲಾ ಅದಾವೇನು ನಿಮ್ಮ ಕಡೆ?" ಪಟ್ಟಿಯಲ್ಲಿ ಒಂಬತ್ತು ಹೆಸರಿದ್ದವು. ಟೈಫಾಯ್ಡ್, ಹೆಪಟೈಟಿಸ್ ಎ, ಹೆಪಟೈಟಿಸ್ ಬಿ, ರೇಬೀಸ್, ಮೆದುಳು ಜ್ವರ, ಕಾಲರಾ, ಧನುರ್ವಾಯು, ದಡಾರ, ಕೊನೆಗೆ ಯೆಲ್ಲೊ ಫೀವರ್. ಮದುವೆಗೆ ಇಪ್ಪತ್ತೆರಡು ದಿನ ಉಳಿದಿತ್ತು.

ಓದಿ ನೋಡಿದರೆ ಅದು ಇಂಗ್ಲೆಂಡಿನವರಿಗೆ ಬರೆದ ಪಟ್ಟಿ. ಚಳಿ ನಾಡಿನಲ್ಲಿ ಹುಟ್ಟಿ, ನಲ್ಲಿಗೆ ಬಾಯಿಟ್ಟು ನೀರು ಕುಡಿದು ಬೆಳೆದವರು ಮೊದಲ ಸಲ ಬಿಸಿಲು ದೇಶಕ್ಕೆ ಹೋಗುವಾಗ ಏನು ಮಾಡಬೇಕು ಅನ್ನುವುದು ಅದರಲ್ಲಿತ್ತು. ನಾವೋ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು, ಭತ್ತದ ಗದ್ದೆಯ ಸೊಳ್ಳೆಗೆ ರಕ್ತ ಕೊಟ್ಟು ದೊಡ್ಡವರಾದವರು. ಇಂಗ್ಲೆಂಡಿನವರಿಗೆ ಬಾಲಿಯಲ್ಲಿ ಹೊಸದಾಗಿ ಎದುರಾಗುವ ಅರ್ಧ ರೋಗಗಳು ನಮ್ಮ ಹಿತ್ತಲಲ್ಲೇ ಇವೆ. ಹಾಗಂತ "ನಮಗೇನಾಗ್ತದ, ನಾವು ಗಟ್ಟಿ" ಅನ್ನುವುದೂ ತಪ್ಪು. ಕೆಲವಕ್ಕೆ ನಾವು ನಿಜಕ್ಕೂ ಗಟ್ಟಿ, ಕೆಲವಕ್ಕೆ ಏನೂ ಅಲ್ಲ. ಯಾವುದಕ್ಕೆ ಹೇಗೆ ಅನ್ನುವುದನ್ನು ಕೌಂಟರಿನ ಹಿಂದೆ ನಿಂತು ನೋಡಿದವನ ಲೆಕ್ಕದಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಬಸುರಿಯರು, ಎಳೆ ಮಕ್ಕಳು, ಸಕ್ಕರೆ ಕಾಯಿಲೆ ಇದ್ದವರು, ಸ್ಟೆರಾಯ್ಡ್ ನುಂಗುವವರು ಇದನ್ನು ಓದಿಕೊಂಡು ಡಾಕ್ಟರ ಹತ್ತಿರ ಹೋಗಬೇಕು, ನನ್ನ ಹತ್ತಿರವಲ್ಲ.

ಮೊದಲು ದ್ವೀಪ ಯಾವುದು ಹೇಳಿ

ಲಕ್ಷದ್ವೀಪ, ಮಾಲ್ಡೀವ್ಸ್, ಶ್ರೀಲಂಕಾ ಈ ಮೂರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಾಲ್ಡೀವ್ಸ್ 2015ರಲ್ಲಿ, ಶ್ರೀಲಂಕಾ 2016ರಲ್ಲಿ ಮಲೇರಿಯಾ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದ ದೇಶಗಳು. ಅಲ್ಲಿಂದ ಇಲ್ಲಿಗೆ ಬರುವವರಿಗೆ ಗುಳಿಗೆ ಬೇಕಾದೀತು, ಇಲ್ಲಿಂದ ಹೋಗುವವರಿಗಲ್ಲ. ಆದರೆ ಡೆಂಗಿ ಇದೆ, ಶ್ರೀಲಂಕಾದಲ್ಲಂತೂ ಜೋರು. ಶ್ರೀಲಂಕಾದ ಬೀದಿ ನಾಯಿಗಳ ವಿಷಯದಲ್ಲೂ ನಮ್ಮೂರಿನಷ್ಟೇ ಎಚ್ಚರ ಬೇಕು. ಲಕ್ಷದ್ವೀಪದಲ್ಲಾದರೆ ನಾಯಿ ಹುಚ್ಚಿನ ಭಯವಿಲ್ಲ.

ಅಂಡಮಾನ್ ಬೇರೆ ಕಥೆ. ನಮ್ಮದೇ ದೇಶ, ಪಾಸ್‌ಪೋರ್ಟ್ ಬೇಡ, ಹಾಗಾಗಿ ಜನ ಹಂಪಿಗೆ ಹೋದಂತೆ ಹೊರಟುಬಿಡುತ್ತಾರೆ. ರೇಬೀಸ್ ವಿಷಯದಲ್ಲಿ ಅದೂ ನೆಮ್ಮದಿಯ ಜಾಗವೇ. ಆದರೆ ಮಲೇರಿಯಾ ಇದೆ, ನಿಕೋಬಾರ್ ಕಡೆ ಹೆಚ್ಚು. ಇಲಿ ಜ್ವರವೂ ಇದೆ, ಅಂದರೆ ಲೆಪ್ಟೋಸ್ಪೈರೋಸಿಸ್. 1988ರಿಂದ ಅಲ್ಲಿ ಮಳೆಗಾಲದ ಕೊನೆಗೆ ಕಾಣಿಸಿಕೊಳ್ಳುತ್ತಿದ್ದ, ಕೆಮ್ಮಿದರೆ ರಕ್ತ ಬರುವ ಜ್ವರಕ್ಕೆ ಮೊದಮೊದಲು ಹೆಸರೇ ಇರಲಿಲ್ಲ, 'ಅಂಡಮಾನ್ ರಕ್ತಸ್ರಾವ ಜ್ವರ' ಅಂತ ಕರೆದರು. ಮುಂದೆ ಪರೀಕ್ಷೆಯಲ್ಲಿ ಅದು ಇಲಿ ಜ್ವರ ಅಂತ ಗೊತ್ತಾಯಿತು. ಕಾಲಿಗೆ ಗಾಯವಿದ್ದಾಗ ಮಳೆನೀರಿನ ಕೆಸರಿನಲ್ಲಿ, ಹಳ್ಳದಲ್ಲಿ ಇಳಿಯಬೇಡಿ ಅನ್ನುವುದು ಇದಕ್ಕೇ. ಸಮುದ್ರದ ನೀರಿಗೆ ಈ ಮಾತು ಅನ್ವಯಿಸುವುದಿಲ್ಲ.

ಬಾಲಿಯ ಪ್ರವಾಸಿ ಊರುಗಳಿಗೆ ಮಲೇರಿಯಾ ಗುಳಿಗೆ ಬೇಡ. ಅಲ್ಲಿಯ ನಿಜವಾದ ಸಮಸ್ಯೆ ಮೂರು: ಹೊಟ್ಟೆ, ಡೆಂಗಿ, ನಾಯಿ ಮತ್ತು ಮಂಗ. 2008ರ ತನಕ ಬಾಲಿಯಲ್ಲಿ ರೇಬೀಸ್ ಇರಲಿಲ್ಲ, ಆ ವರ್ಷ ಬಂದದ್ದು ಇವತ್ತಿಗೂ ಹೋಗಿಲ್ಲ. ಉಬುದ್‌ನ ಮಂಗಗಳ ಕಾಡಿಗೆ ಹೋಗದೆ ಯಾರೂ ವಾಪಸ್ ಬರುವುದಿಲ್ಲ. ನಮ್ಮ ಅಂಜನಾದ್ರಿ ಬೆಟ್ಟ ಹತ್ತಿ ರೂಢಿಯಿದ್ದವರಿಗೆ ಮಂಗ ಹೊಸದಲ್ಲ, ಆದರೆ ಭಕ್ತಿಯಿಂದ ಬಾಳೆಹಣ್ಣು ಹಿಡಿದು ಕೈ ಮುಂದೆ ಮಾಡುವ ರೂಢಿಯೇ ಅಲ್ಲಿ ಮುಳುವಾಗುವುದು.

ಜಾಂಜಿಬಾರ್ ಅಂದರೆ ಆಫ್ರಿಕಾ, ಟಾಂಜಾನಿಯಾಕ್ಕೆ ಸೇರಿದ ದ್ವೀಪ. ಅಲ್ಲಿ ಮಲೇರಿಯಾ ಮೊದಲಿನಷ್ಟಿಲ್ಲ, ಆದರೂ ಇರುವುದು ಫಾಲ್ಸಿಪಾರಂ ಜಾತಿಯದು, ತಲೆಗೇರುವಂಥದು. ಸಫಾರಿಗೆಂದು ಆಚೆ ದಡಕ್ಕೂ ಹೋದರೆ ಅಪಾಯ ಇನ್ನೂ ಹೆಚ್ಚು. ಗುಳಿಗೆ ಬಿಟ್ಟು ಹೋಗಬಾರದ ಜಾಗ ಈ ಪಟ್ಟಿಯಲ್ಲಿ ಇದೊಂದೇ. 2024ರ ಅಕ್ಟೋಬರ್‌ನಿಂದ ಅಲ್ಲಿಯ ಸರ್ಕಾರ ತನ್ನದೇ ವಿಮೆಯನ್ನು ಪ್ರವಾಸಿಗಳಿಗೆ ಕಡ್ಡಾಯ ಮಾಡಿದೆ. ಇಲ್ಲಿ ಮಾಡಿಸಿದ ಟ್ರಾವೆಲ್ ಇನ್ಶೂರೆನ್ಸ್ ತೋರಿಸಿದರೆ ನಡೆಯುವುದಿಲ್ಲ.

ಹಳದಿ ಜ್ವರದ ಗೊಂದಲ

ಯೆಲ್ಲೊ ಫೀವರ್ ಅಂದರೆ ಕಾಮಣಿಯಲ್ಲ. ಎರಡರಲ್ಲೂ ಕಣ್ಣು ಹಳದಿಯಾಗುತ್ತದೆ ಅನ್ನುವುದನ್ನು ಬಿಟ್ಟರೆ ಸಂಬಂಧವಿಲ್ಲ. ಇದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಸೊಳ್ಳೆ ರೋಗ, ಏಷ್ಯಾದಲ್ಲಿ ಇಲ್ಲ. ಬಾಲಿ, ಅಂಡಮಾನ್, ಮಾಲ್ಡೀವ್ಸ್‌ಗೆ ಇಲ್ಲಿಂದ ನೇರ ಹೋಗುವವರು ಈ ಹೆಸರನ್ನೇ ಮರೆತುಬಿಡಿ. ಆ ಹುಡುಗನ ಪಟ್ಟಿಯಿಂದ ನಾನು ಮೊದಲು ಹೊಡೆದು ಹಾಕಿದ್ದು ಇದನ್ನೇ.

ಜಾಂಜಿಬಾರ್‌ಗೆ ಹೋಗುವವರು ಮಾತ್ರ ಟಿಕೆಟಿನ ದಾರಿ ನೋಡಿಕೊಳ್ಳಬೇಕು. ಬಹಳಷ್ಟು ವಿಮಾನ ನೈರೋಬಿ ಅಥವಾ ಆಡಿಸ್ ಅಬಾಬಾ ಮೇಲೆ ಹೋಗುತ್ತವೆ. ಕೀನ್ಯಾ, ಇಥಿಯೋಪಿಯಾ ಎರಡೂ ಈ ರೋಗವಿರುವ ದೇಶಗಳ ಪಟ್ಟಿಯಲ್ಲಿವೆ. ಅಂಥ ದೇಶದಿಂದ ಈ ಲಸಿಕೆಯ ಕಾರ್ಡಿಲ್ಲದೆ ಬಂದವರನ್ನು ಭಾರತದಲ್ಲಿ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ನಮ್ಮ ದೇಶ ಈ ವಿಷಯದಲ್ಲಿ ಬಿಗಿ, ಯಾಕೆಂದರೆ ಆ ರೋಗ ಹರಡುವ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ, ವೈರಸ್ ಮಾತ್ರ ಇನ್ನೂ ಬಂದಿಲ್ಲ. ವಿಮಾನ ನಿಲ್ದಾಣದ ಒಳಗೇ ಇದ್ದು ವಿಮಾನ ಬದಲಿಸಿದವರಿಗೆ ವಿನಾಯಿತಿ ಇದೆ. ಆದರೆ ವಿಮಾನ ತಡವಾಗಿ ಕಂಪನಿಯವರು ಹೋಟೆಲಿಗೆ ಕರೆದೊಯ್ದರೆ ನೀವು ಹೊರಗೆ ಕಾಲಿಟ್ಟ ಹಾಗಾಯಿತು. ಹಾಗಾಗಿ ಈ ದಾರಿಯಲ್ಲಿ ಹೋಗುವವರು ಹಾಕಿಸಿಕೊಂಡೇ ಹೋಗುವುದು ಲೇಸು ಅಂತ ನನ್ನ ಅಭಿಪ್ರಾಯ.

ಇದು ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸರ್ಕಾರ ಗೊತ್ತುಪಡಿಸಿದ ಕೇಂದ್ರಕ್ಕೇ ಹೋಗಬೇಕು. ನಮ್ಮ ಕಡೆಯವರು ಬೆಂಗಳೂರೊಂದೇ ಅಂದುಕೊಳ್ಳುತ್ತಾರೆ. ರಾಯಚೂರಿನವರಿಗೆ ಹೈದರಾಬಾದಿನ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಹತ್ತಿರ. ಹೊಸಪೇಟೆ, ಕೊಪ್ಪಳದವರು ಗೋವಾದ ಮುರ್ಮಗೋವಾ ಬಂದರಿನ ಆರೋಗ್ಯ ಕಚೇರಿಯನ್ನೂ ವಿಚಾರಿಸಬಹುದು, ನಮ್ಮ ಅದಿರು ಹೋಗುತ್ತಿದ್ದ ರೈಲುದಾರಿಯೇ ಅದು. ಎಲ್ಲಿಗೇ ಆಗಲಿ ಫೋನು ಮಾಡಿ ದಿನ ಗೊತ್ತು ಮಾಡಿಕೊಂಡು, ಪಾಸ್‌ಪೋರ್ಟ್ ಸಮೇತ ಹೋಗಿ. ಒಂದು ಡೋಸ್ ಸಾಕು. ಕಾರ್ಡು ಜಾರಿಗೆ ಬರುವುದು ಸೂಜಿಯಾದ ಹತ್ತು ದಿನಕ್ಕೆ. 2016ರ ಜುಲೈನಿಂದ ಅದು ಜೀವನಪೂರ್ತಿ ನಡೆಯುತ್ತದೆ, ಮೊದಲಿನಂತೆ ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಿಲ್ಲ. ಮೊಟ್ಟೆ ತಿಂದರೆ ಮೈಗೆ ಆಗದವರು, ಮೊದಲ ಸಲ ಹಾಕಿಸಿಕೊಳ್ಳುತ್ತಿರುವ ಅರವತ್ತು ದಾಟಿದವರು ಮೊದಲೇ ಹೇಳಬೇಕು. ಇದು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸಿದ ಜೀವಂತ ಲಸಿಕೆ.

ಟೈಫಾಯ್ಡ್: ಹಳೆಯದೋ ಹೊಸದೋ

ಎಲ್ಲಿಗೆ ಹೋದರೂ ಒಂದೇ ಸೂಜಿ ಹಾಕಿಸಿಕೊಳ್ಳಿ ಅಂದರೆ ನಾನು ಟೈಫಾಯ್ಡ್‌ನದು ಅನ್ನುತ್ತೇನೆ. ಬಾಲಿಗೆ ಹೋಗದೆ ಇಲ್ಲೇ ಇದ್ದರೂ ಅದೇ ಮಾತು. ಎರಡು ಬಗೆ ಇವೆ. ಹಳೆಯದು ವಿಐ ಪಾಲಿಸ್ಯಾಕರೈಡ್: ಎರಡು ವರ್ಷದೊಳಗಿನ ಮಕ್ಕಳಿಗೆ ನಡೆಯುವುದಿಲ್ಲ, ಮೂರು ವರ್ಷಕ್ಕೊಮ್ಮೆ ಮತ್ತೆ ಬೇಕು. ಹೊಸದು ಕಾಂಜುಗೇಟ್, ಅಂಗಡಿ ಭಾಷೆಯಲ್ಲಿ ಟಿಸಿವಿ: ಆರು ತಿಂಗಳ ಕೂಸಿನಿಂದ ಹಿಡಿದು ಕೊಡಬಹುದು, ಶಕ್ತಿ ಹೆಚ್ಚು ಕಾಲ ನಿಲ್ಲುತ್ತದೆ. ಹೈದರಾಬಾದಿನಲ್ಲೇ ತಯಾರಾಗುವ ಇಂಥದೊಂದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯೂ ಇದೆ. ರೇಟು ಹೆಚ್ಚು ನಿಜ, ಆದರೆ ಮೂರು ವರ್ಷಕ್ಕೊಮ್ಮೆ ಮತ್ತೆ ಖರೀದಿಸುವ ಲೆಕ್ಕ ಹಾಕಿದರೆ ಟಿಸಿವಿಯೇ ಸೋವಿ. ಹೊರಡುವ ಎರಡು ವಾರ ಮೊದಲೇ ಆಗಿದ್ದರೆ ಒಳ್ಳೆಯದು.

"ನನಗ ಹೋದ ವರ್ಷಾನ ಟೈಫಾಯ್ಡ್ ಆಗೇತಿ, ಮತ್ಯಾಕ?" ಅಂತ ಕೇಳುವವರು ಬಹಳ. ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಅನ್ನುವ ರೋಗವಲ್ಲ ಅದು. ಮತ್ತೆ, ವಿಡಾಲ್ ಅನ್ನುವ ರಕ್ತ ಪರೀಕ್ಷೆ ಒಂದನ್ನೇ ನೋಡಿ ಟೈಫಾಯ್ಡ್ ಅಂದಿದ್ದರೆ ಅದು ಟೈಫಾಯ್ಡ್ ಆಗಿತ್ತೋ ಇಲ್ಲವೋ ಅನ್ನುವುದೂ ಅನುಮಾನವೇ.

ಹೆಪಟೈಟಿಸ್ ಎ: ಮೊದಲು ರಕ್ತ ಪರೀಕ್ಷೆ

ನಾವು ಬೇರೆಯವರ ಪಟ್ಟಿ ನಕಲು ಮಾಡಿ ದುಡ್ಡು ಕಳೆಯುವುದು ಇಲ್ಲಿಯೇ. ಹೆಪಟೈಟಿಸ್ ಎ ಅಂದರೆ ನೀರಿನಿಂದ ಬರುವ ಕಾಮಣಿ. ಚಿಕ್ಕಂದಿನಲ್ಲಿ ಬಂದರೆ ಎಷ್ಟೋ ಸಲ ಗೊತ್ತೇ ಆಗದೆ ಹೋಗಿಬಿಡುತ್ತದೆ, ಶಕ್ತಿ ಮಾತ್ರ ಜೀವನಪೂರ್ತಿ ಉಳಿಯುತ್ತದೆ. ಐವತ್ತು ದಾಟಿದ, ಕೆರೆ, ಕಾಲುವೆ, ಬಾವಿ ನೀರು ಕುಡಿದು ಬೆಳೆದ ನಮ್ಮ ಹಿರಿಯರಲ್ಲಿ ಬಹುತೇಕರಿಗೆ ಅದು ಯಾವಾಗಲೋ ಬಂದು ಹೋಗಿರುತ್ತದೆ. ಅವರಿಗೆ ಲಸಿಕೆ ವ್ಯರ್ಥ ಖರ್ಚು. ಇಪ್ಪತ್ತೈದರ ಆಸುಪಾಸಿನ, ಫಿಲ್ಟರ್ ನೀರಿನಲ್ಲೇ ಬೆಳೆದ ಮಕ್ಕಳ ಕಥೆ ಉಲ್ಟಾ: ಅವರಿಗೆ ರಕ್ಷಣೆ ಇರುವುದಿಲ್ಲ, ದೊಡ್ಡವರಾದ ಮೇಲೆ ಬಂದರೆ ತಿಂಗಳುಗಟ್ಟಲೆ ಹಾಸಿಗೆ. ಒಂದೇ ಮನೆಯ ಅತ್ತೆಗೆ ಬೇಡದ ಸೂಜಿ ಸೊಸೆಗೆ ಬೇಕು.

ಅನುಮಾನವಿದ್ದರೆ ಐಜಿಜಿ ಆಂಟಿಬಾಡಿ ಪರೀಕ್ಷೆ ಮಾಡಿಸಿ. ಚೀಟಿಯಲ್ಲಿ ಐಜಿಜಿ ಅಂತಲೇ ಬರೆಸಬೇಕು. ಲ್ಯಾಬಿನವರು ರೂಢಿಯ ಮೇಲೆ ಐಜಿಎಂ ಮಾಡಿಬಿಟ್ಟರೆ ಅದು ಈಗ ಕಾಮಣಿ ಇದೆಯೇ ಅನ್ನುವುದನ್ನಷ್ಟೇ ಹೇಳುತ್ತದೆ. ಲಸಿಕೆ ಬೇಕೆಂದಾದರೆ ಮತ್ತೆ ಎರಡು ಬಗೆ: ಸತ್ತ ವೈರಸ್ಸಿನದು ಆರು ತಿಂಗಳ ಅಂತರದಲ್ಲಿ ಎರಡು ಡೋಸ್, ಜೀವಂತದ್ದು ಒಂದೇ ಡೋಸ್. ಬಸುರಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಜೀವಂತದ್ದು ಬೇಡ. ಪ್ರವಾಸಕ್ಕೆ ಮೊದಲ ಡೋಸೇ ಸಾಕಾಗುತ್ತದೆ, ಆದರೆ ವಾಪಸ್ ಬಂದ ಮೇಲೆ ಎರಡನೆಯದಕ್ಕೆ ಬರುವವರನ್ನು ನಾನು ಕೈಬೆರಳಿನಲ್ಲಿ ಎಣಿಸಬಹುದು.

ಹೆಪಟೈಟಿಸ್ ಬಿ ಚಿಕ್ಕಂದಿನಲ್ಲಿ ಹಾಕಿಸಿರದವರಿಗೆ ಒಳ್ಳೆಯದೇ, ಅದರಲ್ಲೂ ಬಾಲಿಯಲ್ಲಿ ಟ್ಯಾಟೂ ಹಾಕಿಸಿಕೊಳ್ಳುವ ಹುಚ್ಚಿದ್ದವರಿಗೆ. ಆದರೆ ಮೂರು ಡೋಸಿಗೆ ಆರು ತಿಂಗಳು ಬೇಕು. ಕಾಲರಾ ಲಸಿಕೆ ಸಾಮಾನ್ಯ ಪ್ರವಾಸಿಗೆ ಬೇಕಿಲ್ಲ. ದಡಾರದ್ದು ಎರಡು ಡೋಸ್ ಆಗಿದ್ದರೆ ಮುಗಿಯಿತು.

ರೇಬೀಸ್: ಮುಂಚೆಯೋ, ಕಚ್ಚಿದ ಮೇಲೋ

ನಾಯಿ ಕಚ್ಚಿದ ಮೇಲಲ್ಲವೇ ಸೂಜಿ ಅನ್ನುತ್ತಾರೆ ಎಲ್ಲರೂ. ಮುಂಚೆ ಹಾಕಿಸಿಕೊಂಡಿರದವರಿಗೆ ಆಳವಾಗಿ ಕಚ್ಚಿದರೆ ಎರಡು ಕೆಲಸ ಆಗಬೇಕು: ಕೈಗೆ ಹಲವು ದಿನ ಲಸಿಕೆ, ಮತ್ತು ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್, ಅಂದರೆ ವೈರಸ್ಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯದ ಸೂಜಿ. ಕೈಗೆ ಹಾಕುವುದು ನಾಲ್ಕೋ ಐದೋ ಸಲ, ತೋಳಿನ ಮಾಂಸಕ್ಕಾದರೆ 0, 3, 7, 14, 28ನೇ ದಿನ (0 ಅಂದರೆ ಮೊದಲ ಸೂಜಿಯ ದಿನ). ತೊಂದರೆ ಇರುವುದು ಇಮ್ಯುನೋಗ್ಲಾಬ್ಯುಲಿನ್‌ನಲ್ಲಿ. ನಮ್ಮ ತಾಲೂಕಿನಲ್ಲೇ ಬೇಕಾದಾಗ ಅದು ಸಿಗದೆ ಬಳ್ಳಾರಿಗೆ ಓಡಿದವರನ್ನು ನೋಡಿದ್ದೇನೆ. ಪರದೇಶದ ದ್ವೀಪದಲ್ಲಿ ಭಾಷೆಯೂ ಬರದೆ ಅದನ್ನು ಹುಡುಕುವುದನ್ನು ನೆನೆಸಿಕೊಳ್ಳಿ.

ಮುಂಚೆಯೇ ಹಾಕಿಸಿಕೊಂಡಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಬೇಡವೇ ಬೇಡ, ಕಚ್ಚಿದ ಮೇಲೆ 0 ಮತ್ತು 3ನೇ ದಿನ ಎರಡೇ ಸೂಜಿ. ನಮ್ಮಲ್ಲಿ ಮುಂಚಿತವಾಗಿ 0, 7, ಮತ್ತು 21 ಅಥವಾ 28ನೇ ದಿನ ಮೂರು ಡೋಸ್ ಕೊಡುವ ರೂಢಿ. ವಿಶ್ವ ಆರೋಗ್ಯ ಸಂಸ್ಥೆ 2018ರಿಂದ 0 ಮತ್ತು 7ನೇ ದಿನದ ಎರಡು ಭೇಟಿಯೇ ಸಾಕು ಅನ್ನುತ್ತದೆ. ಉಳಿದ ಲಸಿಕೆಗಳ ಎದುರು ಇದು ಅಗ್ಗ. ಬಾಲಿಗೆ ಹೋಗುವವರಿಗೆ, ಅದಕ್ಕಿಂತ ಹೆಚ್ಚಾಗಿ ವಾಪಸ್ ಬಂದು ರಾತ್ರಿ ಹತ್ತಕ್ಕೆ ಗಂಗಾವತಿ ಬಸ್‌ಸ್ಟ್ಯಾಂಡಿನಿಂದ ನಡೆದು ಮನೆಗೆ ಹೋಗುವವರಿಗೆ ಇದು ಬೇಕು. ಅಂಡಮಾನ್, ಲಕ್ಷದ್ವೀಪಕ್ಕೆಂದು ಬೇಡ. ಸೂಜಿ ಆಗಿರಲಿ ಬಿಡಲಿ, ಕಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಖಾರದಪುಡಿ, ಸುಣ್ಣ ಯಾವುದೂ ಬೇಡ.

ಮೆದುಳು ಜ್ವರ ನಮ್ಮ ಮನೆಯದೇ

ಜಪಾನೀಸ್ ಎನ್ಸೆಫಲೈಟಿಸ್ ಅನ್ನುವ ಹೆಸರು ಕೇಳಿ ಆ ಹುಡುಗ "ಇದು ಬಾಲಿ ರೋಗ ಅಲ್ರಿ?" ಅಂದ. ನನಗೆ ನಗು ಬಂತು. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆ, ಬೆಳ್ಳಕ್ಕಿ, ಹಂದಿ, ಈ ಮೂರು ಸೇರಿದಲ್ಲಿ ಬರುವ ರೋಗ ಇದು. ಸಿರುಗುಪ್ಪ, ಸಿಂಧನೂರು, ಗಂಗಾವತಿಯಲ್ಲಿ ಈ ಮೂರೂ ಇವೆ. 2006ರಲ್ಲಿ ದೇಶದಲ್ಲಿ ಇದರ ಲಸಿಕೆ ಅಭಿಯಾನ ಶುರುವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಬಳ್ಳಾರಿ ಜಿಲ್ಲೆ. ಈಗ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಯ ಮಕ್ಕಳಿಗೆ ಒಂಬತ್ತು ತಿಂಗಳಿಗೆ ಮತ್ತು ಒಂದೂವರೆ ವರ್ಷದ ಸುಮಾರಿಗೆ ಸರ್ಕಾರವೇ ಹಾಕುತ್ತದೆ. ಖಾಸಗಿಯಲ್ಲಿ ಸಿಗುವ ಲಸಿಕೆಯೊಂದರ ಮೂಲ ವೈರಸ್ಸೇ ನಮ್ಮ ಕೋಲಾರದ ರೋಗಿಯೊಬ್ಬರಿಂದ ತೆಗೆದದ್ದು.

ಬಾಲಿಯಲ್ಲೂ ಇದೆ. ಆದರೆ ಒಂದು ವಾರ ಕಡಲ ದಂಡೆಯ ಹೋಟೆಲಿನಲ್ಲಿ ಇರುವವರಿಗೆ ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ, ಹಳ್ಳಿಗಾಡಿನ ಗದ್ದೆ ಪಕ್ಕ ತಿಂಗಳುಗಟ್ಟಲೆ ಇರುವವರಿಗೆ ಹೇಳುತ್ತಾರೆ. ಆ ಲೆಕ್ಕಕ್ಕೆ ನೋಡಿದರೆ ಅವನಿಗೆ ಅಪಾಯ ಹೆಚ್ಚು ಇರುವುದು ಬಾಲಿಯಲ್ಲಲ್ಲ, ಅವರ ಮಿಲ್ಲಿನ ಹಿಂದಿನ ಗದ್ದೆಯಲ್ಲಿ.

ಮಲೇರಿಯಾ ಗುಳಿಗೆ

ಮಲೇರಿಯಾಕ್ಕೆ ಪ್ರವಾಸಿಗೆ ಹಾಕುವ ಸೂಜಿ ಇಲ್ಲ, ಗುಳಿಗೆಯೇ. ನಮ್ಮ ದೇಶದ ಮಾರ್ಗಸೂಚಿಯಂತೆ ಆರು ವಾರದೊಳಗಿನ ಪ್ರವಾಸಕ್ಕೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೊಂದು, ಹೆಚ್ಚು ದಿನ ಇರುವವರಿಗೆ ಮೆಫ್ಲೋಕ್ವಿನ್ 250 ಮಿಲಿಗ್ರಾಂ ವಾರಕ್ಕೊಂದು. ಡಾಕ್ಸಿಯನ್ನು ಹೊರಡುವ ಎರಡು ದಿನ ಮೊದಲು ಶುರು ಮಾಡಿದರೆ ಸಾಕು, ಅಗ್ಗ, ಇಲಿ ಜ್ವರದ ಮೇಲೂ ಅದಕ್ಕೆ ಕೆಲಸವಿದೆ. ಆದರೆ ಬಸುರಿಯರಿಗೆ, ಎಂಟು ವರ್ಷದೊಳಗಿನವರಿಗೆ ಕೊಡುವಂತಿಲ್ಲ. ನುಂಗಿದ ಮೇಲೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ತುಂಬ ನೀರಿನೊಂದಿಗೆ ಕೂತು ನುಂಗಬೇಕು, ಮಲಗುವ ಹೊತ್ತಿಗೆ ಗುಟುಕು ನೀರಲ್ಲಿ ನುಂಗಿದರೆ ಅನ್ನನಾಳ ಉರಿಯುತ್ತದೆ. ಮೆಫ್ಲೋಕ್ವಿನ್ ಎರಡು ಮೂರು ವಾರ ಮೊದಲೇ ಶುರುವಾಗಬೇಕು. ಮನಸ್ಸಿನ ಕಾಯಿಲೆ, ಫಿಟ್ಸ್ ಇದ್ದವರಿಗೆ ಅದು ಬೇಡವೇ ಬೇಡ. ಎರಡನ್ನೂ ವಾಪಸ್ ಬಂದ ಮೇಲೆ ನಾಲ್ಕು ವಾರ ಮುಂದುವರಿಸಬೇಕು, ಜನ ತಪ್ಪುವುದೇ ಇಲ್ಲಿ.

ಜಾಂಜಿಬಾರ್‌ಗೆ ಗುಳಿಗೆ ಬೇಕು. ಅಂಡಮಾನ್‌ನಲ್ಲಿ ನಾಲ್ಕು ದಿನ ಪೋರ್ಟ್ ಬ್ಲೇರ್ (ಈಗಿನ ಹೆಸರು ಶ್ರೀ ವಿಜಯಪುರಂ), ಹ್ಯಾವ್‌ಲಾಕ್ ಸುತ್ತಿ ಬರುವವರಲ್ಲಿ ಬಹಳ ಮಂದಿ ಸೊಳ್ಳೆ ಕ್ರೀಮಿನಲ್ಲೇ ಮುಗಿಸುತ್ತಾರೆ. ಕಾಡು ದಾರಿ, ಮಳೆಗಾಲ ಅಂದರೆ ಡಾಕ್ಟರನ್ನು ಕೇಳಿ.

ದಿನದ ಲೆಕ್ಕ, ಐಸಿನ ಲೆಕ್ಕ

ಎರಡು ತಿಂಗಳು ಕೈಯಲ್ಲಿದ್ದರೆ ಹೆಪಟೈಟಿಸ್ ಬಿ ಬಿಟ್ಟು ಉಳಿದೆಲ್ಲಕ್ಕೂ ಜಾಗವಿದೆ. ಒಂದು ತಿಂಗಳಿದ್ದರೆ ರೇಬೀಸ್, ಟೈಫಾಯ್ಡ್, ಹೆಪಟೈಟಿಸ್ ಎ ಆಗುತ್ತವೆ. ಹತ್ತೇ ದಿನ ಇದ್ದರೆ ಟೈಫಾಯ್ಡ್ ಮತ್ತು ಟಿಡಿ. ಟಿಡಿ ಅಂದರೆ ಧನುರ್ವಾಯು ಜೊತೆ ಗಂಟಲಮಾರಿಗೂ ಸೇರಿದ್ದು, ಹಳೆಯ ಟಿಟಿಯ ಜಾಗಕ್ಕೆ ಬಂದದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುತ್ತಾರೆ. ಹವಳದ ಕಲ್ಲಿಗೆ ಕಾಲು ಕುಯ್ದುಕೊಳ್ಳದೆ ಯಾರೂ ದ್ವೀಪದಿಂದ ಬರುವುದಿಲ್ಲ, ಹತ್ತು ವರ್ಷದಿಂದ ಹಾಕಿಸಿಲ್ಲ ಅಂದರೆ ಇದನ್ನು ಬಿಡಬೇಡಿ.

ದೊಡ್ಡವರ ಲಸಿಕೆಯನ್ನು ಎಲ್ಲಿ ಹುಡುಕುವುದು? ಮಕ್ಕಳ ಡಾಕ್ಟರ ಹತ್ತಿರ. ದಿನಾ ಲಸಿಕೆ ಹಾಕುವ, ಅದಕ್ಕೆಂದೇ ಫ್ರಿಜ್ ಇಟ್ಟಿರುವ ಜಾಗ ಅದು. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ನಮ್ಮಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಅದರ ಮೇಲೆ ಕರೆಂಟು ಹೋಗುವುದು ಬೇರೆ. ಒಂದು ಮೇ ತಿಂಗಳಲ್ಲಿ ನನಗೆ ಬಂದ ಪೆಟ್ಟಿಗೆಯೊಂದರಲ್ಲಿ ಐಸ್ ಪೂರ್ತಿ ಕರಗಿ ನೀರಾಗಿತ್ತು, ಕಳಿಸಿದವರು "ಏನಾಗಲ್ಲ, ಮಾರ್ರಿ" ಅಂದರು. ವಾಪಸ್ ಕಳಿಸಿದೆ, ದುಡ್ಡು ಬರಲು ಮೂರು ತಿಂಗಳಾಯಿತು. ಕೆಟ್ಟ ಲಸಿಕೆ ನೋಡಲು ಒಳ್ಳೆಯದರ ಹಾಗೇ ಇರುತ್ತದೆ. ಹಾಗಾಗಿ ಅಂಗಡಿಯಲ್ಲಿ ಕೊಂಡು ಕ್ಲಿನಿಕ್ಕಿಗೆ ಒಯ್ಯುವವರು ಬಿಸಿಲಲ್ಲಿ ಬೈಕಿನ ಡಿಕ್ಕಿಗೆ ಹಾಕಬೇಡಿ. ಐಸಿನ ಮೇಲೆ ನೇರ ಇಡಬೇಡಿ, ಟೈಫಾಯ್ಡ್, ಹೆಪಟೈಟಿಸ್‌ನವು ಹೆಪ್ಪುಗಟ್ಟಿದರೂ ಕೆಡುತ್ತವೆ. ಪೇಪರು ಸುತ್ತಿ, ಐಸ್ ಡಬ್ಬಿಯಲ್ಲಿಟ್ಟು, ನೇರ ಹೋಗಿ.

ಸೂಜಿಗೆ ಸಿಗದವು

ದ್ವೀಪಗಳಲ್ಲಿ ನಮ್ಮವರು ನಿಜವಾಗಿ ಬೀಳುವುದು ಇವುಗಳಿಂದ. ಡೆಂಗಿಯ ಲಸಿಕೆಯೊಂದಕ್ಕೆ ಇಂಡೋನೇಷ್ಯಾ 2022ರಲ್ಲಿ ಒಪ್ಪಿಗೆ ಕೊಟ್ಟಿದೆ, ಆದರೆ ಮೂರು ತಿಂಗಳ ಅಂತರದ ಎರಡು ಡೋಸ್ ಅದು, ಒಂದು ವಾರ ಸುತ್ತಲು ಹೋದವರಿಗೆ ಉಪಯೋಗಕ್ಕೆ ಬರುವುದಿಲ್ಲ. ಡೆಂಗಿಯಲ್ಲಿ ನಾಲ್ಕು ಬಗೆ, ಒಮ್ಮೆ ಇಲ್ಲಿ ಬಂದಿದ್ದವರಿಗೆ ಅಲ್ಲಿ ಬೇರೆ ಬಗೆ ತಗುಲಿದರೆ ಎರಡನೆಯದು ಜೋರಾಗುವ ಸಂಭವ ಹೆಚ್ಚು. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ, ನಾವು ಕ್ರೀಮು ಹಚ್ಚುವುದು ರಾತ್ರಿ! ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆ ಕ್ರೀಮು.

"ಬಳ್ಳಾರಿ ಬಿಸಿಲು ಕಂಡವಗ ಇದೇನು" ಅನ್ನುವವರಿಗೆ ಒಂದು ಮಾತು. ನಮ್ಮದು ಒಣ ಬಿಸಿಲು, ಬೆವರು ಆರಿ ಮೈ ತಂಪಾಗುತ್ತದೆ. ಅಲ್ಲಿ ಗಾಳಿಯೇ ಒದ್ದೆ, ಬೆವರು ಆರುವುದಿಲ್ಲ, 32 ಡಿಗ್ರಿಯಲ್ಲೇ ತಲೆ ಸುತ್ತುತ್ತದೆ. ಓಆರ್‌ಎಸ್ ಪೊಟ್ಟಣ ಹತ್ತು ಒಯ್ಯಿರಿ, ಒಂದು ಲೀಟರಿಗೆ ಒಂದು ಅಂತ ಬರೆದದ್ದನ್ನು ಒಂದು ಲೀಟರಿಗೇ ಕಲಸಿ, ಒಂದು ಲೋಟಕ್ಕಲ್ಲ. ಭೇದಿ ನಿಲ್ಲಿಸುವ ಲೋಪೆರಮೈಡ್ ರಕ್ತ ಕಂಡರೆ, ಜ್ವರ ಬಂದರೆ ಬೇಡ. ಫೆರ್ರಿ ಹತ್ತುವ ಮೊದಲು ಅವೊಮಿನ್ ನುಂಗಿ, ವಾಂತಿ ಶುರುವಾದ ಮೇಲಲ್ಲ. ಬಾಲಿಯಲ್ಲಿ ಅಗ್ಗದ ಆರಕ್, ಅಂದರೆ ಅಲ್ಲಿಯ ಸಾರಾಯಿ, ಕುಡಿಯಬೇಡಿ, ಮೆಥನಾಲ್ ಬೆರೆತು ಪ್ರವಾಸಿಗಳು ಸತ್ತಿದ್ದಾರೆ. ಸ್ಕೂಬಾ ಮಾಡಿದವರು ಅದೇ ದಿನ ವಿಮಾನ ಹತ್ತಬೇಡಿ: ಒಂದಕ್ಕಿಂತ ಹೆಚ್ಚು ಸಲ ಇಳಿದಿದ್ದರೆ ಕನಿಷ್ಠ ಹದಿನೆಂಟು ತಾಸು ಬಿಡಬೇಕು.

ಕೊನೆಗೆ ಆ ಹುಡುಗ ತೆಗೆದುಕೊಂಡದ್ದು ಟೈಫಾಯ್ಡ್, ರೇಬೀಸಿನ ಎರಡು ಡೋಸ್, ಹೆಪಟೈಟಿಸ್ ಎ ಒಂದು ಡೋಸ್, ಸರ್ಕಾರಿ ಆಸ್ಪತ್ರೆಯಲ್ಲಿ ಟಿಡಿ. ಹೆಂಡತಿಗೂ ಅಷ್ಟೇ. ಒಂಬತ್ತರಲ್ಲಿ ನಾಲ್ಕು. ಅವನ ಪ್ರಿಸ್ಕ್ರಿಪ್ಷನ್ ಹಿಂದೆ ನಾನು ಒಂದು ಸಾಲು ಬರೆದುಕೊಟ್ಟೆ: ಬಂದ ಮೇಲೆ ಜ್ವರ ಬಂದರೆ, ಒಂದು ತಿಂಗಳಾದ ಮೇಲಾದರೂ ಸರಿ, ಡಾಕ್ಟರಿಗೆ ಮೊದಲು ಎಲ್ಲಿಗೆ ಹೋಗಿದ್ದೆ ಅಂತ ಹೇಳು, ಆಮೇಲೆ ಎಷ್ಟು ಡಿಗ್ರಿ ಅಂತ.